ಗೊಜ್ಜಿನಿಂದ ಚಿಪ್ಪಿನವರೆಗೆ

ಡೋಪಿಂಗ್ (ನಾಮಪದ)

ಕ್ರೀಡಾಪುಟದಲ್ಲಿ ಈ ಪದ ಕಂಡರೆ ಯಾರೋ ಸಿಕ್ಕಿಬಿದ್ದರೆಂದೇ ಲೆಕ್ಕ. ಚಿಪ್ ತಯಾರಿಸುವವರಿಗಾದರೋ ಅದು ನಿತ್ಯದ ಕಸುಬು.

ಮೂಲ ಡಚ್ಚರ ‘ಡೋಪ್’, ಅಂದರೆ ಅದ್ದಿ ತಿನ್ನುವ ಗೊಜ್ಜು. ಅದರ ಕ್ರಿಯಾಪದ ‘ಡೋಪನ್’ಗೆ ಅದ್ದು ಎಂಬುದರ ಜೊತೆಗೆ ಕ್ರೈಸ್ತ ದೀಕ್ಷಾಸ್ನಾನ ಮಾಡಿಸು ಎಂಬ ಅರ್ಥವೂ ಇದೆ. ಜರ್ಮನ್ನಿನ ‘ಟೌಫೆನ್’, ಇಂಗ್ಲಿಷಿನ ‘ಡಿಪ್’ ಇದರ ನೆಂಟರು. 19ನೆಯ ಶತಮಾನದ ಅಮೆರಿಕದಲ್ಲಿ ಗೊಜ್ಜು ಅಫೀಮಿನ ಪಾಕವಾಯಿತು. ಬಳಿಕ ರೇಸ್ ಕುದುರೆಗೆ ಕೊಡುವ ಮದ್ದಾಯಿತು. ‘ಡೋಪಮೈನ್’ ಮಾತ್ರ ಈ ಕುಲದ್ದಲ್ಲ. ಅದು ರಾಸಾಯನಿಕದ ಹೆಸರೊಂದರ ಮೊಟಕು ರೂಪದಿಂದ ಹುಟ್ಟಿದ್ದು.

ಅರೆವಾಹಕಗಳ ಲೋಕದಲ್ಲಿ ಡೋಪಿಂಗ್ ಎಂದರೆ ಶುದ್ಧ ಹರಳಿಗೆ ಬೇಕೆಂದೇ ಅನ್ಯ ಪರಮಾಣು ಸೇರಿಸುವುದು. 1978ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಇದಕ್ಕೊಂದು ತಿರುವು ಕೊಟ್ಟಿತು. ಸಿಲಿಕಾನ್ ಪರಮಾಣುಗಳನ್ನು ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಪದರದಲ್ಲಿಟ್ಟರೆ, ಅವು ಬಿಟ್ಟುಕೊಟ್ಟ ಎಲೆಕ್ಟ್ರಾನ್‌ಗಳು ಪಕ್ಕದ ಗ್ಯಾಲಿಯಂ ಆರ್ಸೆನೈಡ್‌ಗೆ ಜಾರಿ, ಗಡಿಯ ತೆಳು ಹಾಳೆಯಲ್ಲಿ ಎರಡೇ ಆಯಾಮಗಳಲ್ಲಿ ಓಡಾಡುತ್ತವೆ. ಇದೇ ‘ಮಾಡ್ಯುಲೇಷನ್ ಡೋಪಿಂಗ್’. ಲೇಸರ್ ಹಾಯಿಸಿದಾಗ ಹುಟ್ಟುವ ಧನಾವೇಶದ ‘ಹೋಲ್’ಗಳೊಡನೆ ಈ ಎಲೆಕ್ಟ್ರಾನ್‌ಗಳು ಕೂಡಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೂಸುತ್ತವೆ. ಆ ಬೆಳಕಿನ ರೋಹಿತದ ಅಗಲದಿಂದ ಎಲೆಕ್ಟ್ರಾನ್‌ಗಳ ದಟ್ಟಣೆಯನ್ನು ಅಂದಾಜಿಸಬಹುದು.

ಕನ್ನಡ ಪತ್ರಿಕೆಗಳ ‘ಉದ್ದೀಪನ ಮದ್ದು’ ಬಂದಿರುವುದು ಬೆಳಗು ಎಂಬರ್ಥದ ಸಂಸ್ಕೃತ ಧಾತು ‘ದೀಪ್’ನಿಂದ. ಕಾವ್ಯಮೀಮಾಂಸೆಯಲ್ಲಿ ಬೆಳದಿಂಗಳು, ವಸಂತದಂಥ ಭಾವ ಕೆರಳಿಸುವ ಸಂಗತಿಗಳಿಗೆ ‘ಉದ್ದೀಪನ ವಿಭಾವ’ ಎಂಬ ಹೆಸರಿದೆ. ಮೈ ಕೆರಳಿಸುವ ಮದ್ದಿಗೆ ಅದು ಒಪ್ಪುತ್ತದೆ, ಹರಳಿನ ಬೆರಕೆಗಲ್ಲ. ವಿಜ್ಞಾನ ಬರಹದಲ್ಲಿ ‘ಡೋಪಿಂಗ್’ ಎಂದೇ ಉಳಿಸಿಕೊಳ್ಳುವುದು ವಾಸಿ.