ಸೀಸೆಯ ಬಿಯರೂ ನೆಲಮಾಳಿಗೆಯೂ

ಪೀಪಾಯಿಯ ಬಿಯರನ್ನು ಸೀಸೆಗೆ ತುಂಬಿ ಮನೆಯಲ್ಲಿ ಕಾಪಿಡುವ ಪದ್ಧತಿಯ ಮೂಲಕ್ಕೆ ಇಂಗ್ಲೆಂಡಿನಲ್ಲಿ ಒಂದು ವಿನೋದದ ಐತಿಹ್ಯವುಂಟು. ಲಂಡನ್ನಿನ ಸಂತ ಪಾಲರ ದೇವಾಲಯಕ್ಕೆ ಮುಂದೆ ಮುಖ್ಯಸ್ಥನಾದ ಅಲೆಕ್ಸಾಂಡರ್ ನೊವೆಲನು ಮೀನುಬೇಟೆಗೆ ಹೋಗಿದ್ದಾಗ ಸೀಸೆಯೊಂದನ್ನು ಹುಲ್ಲಿನಲ್ಲಿ ಬಿಟ್ಟುಬಂದು, ಕೆಲವು ದಿನಗಳ ಮೇಲೆ ತೆರೆಯಲು ಅದು ಬಂದೂಕಿನಂತೆ ಸಿಡಿಯಿತೆಂದು 1662ರಲ್ಲಿ ಅಚ್ಚಾದ ಥಾಮಸ್ ಫುಲ್ಲರನ ಗ್ರಂಥವು ಹೇಳುತ್ತದೆ. ಕಥೆ ದಿಟವಿರಲಿ, ಇಲ್ಲದಿರಲಿ, ಮುಚ್ಚಿದ ಸೀಸೆಯೊಳಗೂ ಯೀಸ್ಟು ಉಳಿದ ಸಕ್ಕರೆಯನ್ನುಂಡು ಅಂಗಾರಾಮ್ಲವಾಯುವನ್ನು ಹೊರಡಿಸುತ್ತಲೇ ಇರುವುದಾದ್ದರಿಂದ, ಅಂದಿನ ಗೃಹಿಣಿಯ ಮೊದಲ ಭಯವು ಬಿಯರು ಕೆಡುವುದಕ್ಕಿಂತ ಸೀಸೆ ಒಡೆಯುವುದೇ ಆಗಿತ್ತು.

1615ರಲ್ಲಿ ಗರ್ವೇಸ್ ಮಾರ್ಕಮ್ ಪ್ರಕಟಿಸಿದ ಗೃಹಿಣೀಧರ್ಮದ ಕೈಪಿಡಿಯು ಇದಕ್ಕೆ ವಿಧಿಯನ್ನೇ ಹೇಳಿದೆ: ಕಿರಿಬಾಯಿಯ ದುಂಡುಸೀಸೆಗೆ ಉತ್ತಮವಾದ ಏಲನ್ನು ತುಂಬಿ, ಬಿರಡೆಯನ್ನು ಬಿಗಿದು, ಗಟ್ಟಿಹುರಿಯಿಂದ ಕಟ್ಟಿ, ತಂಪಾದ ನೆಲಮಾಳಿಗೆಯಲ್ಲಿ ನಡುಮಟ್ಟದವರೆಗೆ ಮರಳಿನಲ್ಲಿ ಹೂಳಬೇಕು. ಮರಳು ಸೀಸೆಯನ್ನು ನೆಟ್ಟಗೆ ನಿಲ್ಲಿಸಿತು, ಹಗಲಿರುಳುಗಳ ಉಷ್ಣಭೇದವನ್ನು ತಗ್ಗಿಸಿತು, ನೆಟ್ಟಗಿದ್ದ ಕಾರಣ ಗಸಿಯೂ ತಳದಲ್ಲೇ ತಂಗಿತು. ಅದೇ ಶತಮಾನದಲ್ಲಿ ಕಲ್ಲಿದ್ದಲ ಕುಲುಮೆಗಳಿಂದ ದಪ್ಪಗಾಜಿನ ಸೀಸೆಗಳು ಹೊರಬರತೊಡಗಿದ ತರುವಾಯ ಸಿಡಿಯುವ ಭಯವು ತಗ್ಗಿತು.

ಆದರೆ ಸಮುದ್ರ ದಾಟಿ ಭಾರತಕ್ಕೆ ಬಂದ ಬಿಯರಿಗೆ ಅಂಥ ತಂಪುಮಾಳಿಗೆ ದೊರೆಯುವುದು ದುರ್ಲಭವಾಗಿತ್ತು. ಕಲ್ಕತ್ತೆಯ ಕಂಪನಿ ಅಧಿಕಾರಿಗಳ ಮನೆಗಳಲ್ಲಿ ಆಬ್ದಾರನೆಂಬ ಸೇವಕನು, ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಶಾಖವನ್ನು ಹೀರುವ ಗುಣವನ್ನು ನಂಬಿ, ಆ ದ್ರಾವಣದಲ್ಲಿ ಸೀಸೆಗಳನ್ನು ತಂಪಿಸುತ್ತಿದ್ದನು. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರನು ಬಾಸ್ಟನ್ನಿನಿಂದ ಕಳುಹಿಸಿದ ಸುಮಾರು 180 ಟನ್ ಮಂಜುಗಡ್ಡೆಯಲ್ಲಿ ಸುಮಾರು 100 ಟನ್ ಕರಗದೆ ಆ ನಗರವನ್ನು ಮುಟ್ಟಿದ ಮೇಲೆ, ಆಬ್ದಾರನ ಆ ವಿದ್ಯೆಗೆ ಮನ್ನಣೆ ಕುಂದಿತು.

ಆಚಾರಕ್ಕೆ ಕಾರಣ ತಿಳಿದದ್ದು ಬಹಳ ತಡವಾಗಿ. 1876ರಲ್ಲಿ ಬಿಯರನ್ನೇ ಕುರಿತು ಗ್ರಂಥ ಬರೆದ ಪಾಶ್ಚರನು ಅದನ್ನು ಕೆಡಿಸುವ ಸೂಕ್ಷ್ಮಜೀವಿಗಳನ್ನು ತೋರಿಸಿಕೊಟ್ಟನು. 1892ರಲ್ಲಿ ಬಾಲ್ಟಿಮೋರಿನ ವಿಲಿಯಮ್ ಪೇಂಟರನು ಪೇಟೆಂಟು ಪಡೆದ ಲೋಹದ ಹಲ್ಲುಮುಚ್ಚಳವು, ಸೀಸೆಯನ್ನು ಮಲಗಿಸಿ ಬಿರಡೆಯನ್ನು ತೇವವಾಗಿಡಬೇಕೆಂಬ ಕಟ್ಟನ್ನು ಅನಾವಶ್ಯಕಗೊಳಿಸಿತು. ಹಾಪ್ ಹೂವಿನ ಕಹಿದ್ರವ್ಯವು ಬೆಳಕು ತಾಗಿದೊಡನೆ ಒಡೆದು ಗಂಧಕದ ದುರ್ವಾಸನೆಯನ್ನು ಹುಟ್ಟಿಸುವ ರಸಾಯನಕ್ರಮವಂತೂ 20ನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಕಂದುಗಾಜಿನ ಮಹತ್ತ್ವ ಇಲ್ಲಿದೆ. ಹಸಿರು ಗಾಜು ಆ ಕಿರಣಗಳನ್ನು ಅಷ್ಟಾಗಿ ತಡೆಯಲಾರದು, ಬಿಳಿಗಾಜು ತಡೆಯುವುದೇ ಇಲ್ಲ.

ಮಾರ್ಕಮನ ಗೃಹಿಣಿಗೆ ಈ ಶಾಸ್ತ್ರವೊಂದೂ ತಿಳಿದಿರಲಿಲ್ಲವಾದರೂ, ಇಂದು ಬಲ್ಲವರು ವಿಧಿಸುವ ತಂಪು, ಕತ್ತಲೆ, ನೆಟ್ಟನೆಯ ನಿಲುವು ಎಂಬ ಮೂರೂ ಅವಳ ಮಾಳಿಗೆಯಲ್ಲಿದ್ದವು. ಶಾಸ್ತ್ರವು ಅದಕ್ಕೆ ಸೇರಿಸಿದ ಹೊಸ ಉಪದೇಶವು ಪ್ರಾಯಶಃ ಒಂದೇ: ಬಲವಾದ ಕೆಲವು ಬಗೆಗಳನ್ನುಳಿದು, ಮಿಕ್ಕ ಬಿಯರುಗಳಿಗೆ ಎಷ್ಟೇ ಜಾಗರೂಕತೆಯಿಂದ ಕಾಪಿಟ್ಟರೂ ವಯಸ್ಸು ಶೋಭೆಯನ್ನು ತಾರದು.