ಪರಿಷ್ಕೃತ ಮೋಟಾರ್‌ಸೈಕಲ್ ಎಂಜಿನ್ನಿನ ಪರಿಭ್ರಮಣ ಮಿತಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನೂರು ಸಿ.ಸಿ. ಗಾಡಿಗಳನ್ನು ಕುರಿತ ಒಂದು ವಿಚಾರ

ಮೋಟಾರ್‌ಸೈಕಲ್ಲಿನ ಎಂಜಿನ್ನು ನಿಮಿಷವೊಂದಕ್ಕೆ ಎಷ್ಟು ಸುತ್ತು ತಿರುಗಲು ಶಕ್ಯವೆಂಬುದನ್ನು ನಿರ್ಣಯಿಸುವುದು ಅದರೊಳಗಿನ ಅತ್ಯಂತ ದುರ್ಬಲವಾದ ಅಂಗವೆಂಬ ತತ್ತ್ವವನ್ನು ಒಪ್ಪಿಕೊಂಡವರಿಗೆ, ಆ ಅಂಗವನ್ನು ಗುರುತಿಸಿ ಬಲಪಡಿಸದೆ ಕೇವಲ ಕಿಡಿಯನ್ನು ನಿಯಂತ್ರಿಸುವ ಸಿ.ಡಿ.ಐ. ಪೆಟ್ಟಿಗೆಯನ್ನು ಬದಲಿಸಿ ಮಿತಿಯನ್ನು ಮೇಲಕ್ಕೆ ಸರಿಸುವ ಪದ್ಧತಿಯು ಎಷ್ಟು ಅನರ್ಥಕಾರಿಯೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಸೀಮೆಯಲ್ಲಿ, ಹೊಲಕ್ಕೂ ಸಂತೆಗೂ ಗಾಣಗಾಪುರದ ದತ್ತದರ್ಶನಕ್ಕೂ ಒಂದೇ ಗಾಡಿಯನ್ನು ನೆಚ್ಚಿಕೊಂಡ ಮನೆಗಳಲ್ಲಿ, ಆ ಗಾಡಿಯ ಎಂಜಿನ್ನು ಅಕಾಲದಲ್ಲಿ ಮುರಿದುಬೀಳುವುದು ಸಣ್ಣ ನಷ್ಟವಲ್ಲವಾದುದರಿಂದ, ವಿಷಯವನ್ನು ಲೆಕ್ಕಹಾಕಿಯೇ ನೋಡುವುದು ಉಚಿತ.

ಉದಾಹರಣೆಗೆ, 1994ರಲ್ಲಿ ಮಾರುಕಟ್ಟೆಗೆ ಬಂದು ನಮ್ಮ ಹಳ್ಳಿಗಳಲ್ಲೆಲ್ಲ ನೆಲೆಗೊಂಡ ಸ್ಪ್ಲೆಂಡರ್ ಗಾಡಿಯ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಅದರ ಬೋರು 50 ಮಿ.ಮೀ., ಸ್ಟ್ರೋಕು 49.5 ಮಿ.ಮೀ., ಘನಗಾತ್ರ 97.2 ಸಿ.ಸಿ.; ಗರಿಷ್ಠ ಶಕ್ತಿ ದೊರೆಯುವುದು 8000 ಸುತ್ತುಗಳಲ್ಲಿ. ಆ ವೇಗದಲ್ಲಿ ಪಿಸ್ಟನ್ನಿನ ಸರಾಸರಿ ವೇಗವು ಸೆಕೆಂಡಿಗೆ 13.2 ಮೀಟರ್, ಮೇಲ್ತುದಿಯಲ್ಲಿ ಅದು ನಿಂತು ಹಿಂದಿರುಗುವ ಕ್ಷಣದ ವೇಗೋತ್ಕರ್ಷವಾದರೋ, ಕನೆಕ್ಟಿಂಗ್ ರಾಡಿನ ಉದ್ದವು ಕ್ರ್ಯಾಂಕಿನ ತ್ರಿಜ್ಯದ ನಾಲ್ಕರಷ್ಟೆಂದು ಹಿಡಿದರೆ, ಗುರುತ್ವದ ಸುಮಾರು 2200 ಪಟ್ಟು. ಪಿನ್ನು ರಿಂಗುಗಳ ಸಹಿತ ಪಿಸ್ಟನ್ನಿನ ತೂಕವನ್ನು 100 ಗ್ರಾಂ ಎಂದು ಇಟ್ಟುಕೊಂಡರೂ, ಆ ಕ್ಷಣದಲ್ಲಿ ರಾಡನ್ನು ಎಳೆಯುವ ಬಲವು ಎರಡು ಕ್ವಿಂಟಲ್ ತೊಗರಿಯ ಭಾರಕ್ಕಿಂತ ಮಿಗಿಲು. ಈಗ ಮಿತಿಯನ್ನು 9500ಕ್ಕೆ ಏರಿಸಿದೆವೆನ್ನಿ: ಸುತ್ತುಗಳು ಹೆಚ್ಚಿದುದು ನೂರಕ್ಕೆ 19ರಷ್ಟು ಮಾತ್ರ, ಬಲವು ಸುತ್ತಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಅದು ನೂರಕ್ಕೆ 41ರಷ್ಟು ಹೆಚ್ಚಿ ಮೂರು ಕ್ವಿಂಟಲನ್ನು ಮೀರುತ್ತದೆ. ಈ ವರ್ಗನಿಯಮವನ್ನು ಮರೆತ ಪರಿಷ್ಕಾರವೆಲ್ಲವೂ ಅಪಾಯಕರವೆಂದೇ ನನ್ನ ಮತ.

ಸರಾಸರಿ ವೇಗವೊಂದನ್ನೇ ಅಳತೆಗೋಲಾಗಿ ಹಿಡಿಯುವ ರೂಢಿಯು ಸಾಲದೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷ್ಯವುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿ.ಸಿ. ಜಾವಾದ ಸ್ಟ್ರೋಕು 75 ಮಿ.ಮೀ.; ಅದು 12 ಅಶ್ವಶಕ್ತಿಯನ್ನು ನೀಡುತ್ತಿದ್ದುದು 4750 ಸುತ್ತುಗಳಲ್ಲಿ. ಅಲ್ಲಿ ಪಿಸ್ಟನ್ನಿನ ಸರಾಸರಿ ವೇಗ 11.9 ಮೀಟರ್, ಅಂದರೆ ಸ್ಪ್ಲೆಂಡರಿನದಕ್ಕೆ ಸಮೀಪವೇ. ಆದರೆ ವೇಗೋತ್ಕರ್ಷವು ಸ್ಪ್ಲೆಂಡರಿನದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅದಲ್ಲದೆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿಯೊಂದು ಸುತ್ತಿನಲ್ಲಿಯೂ ಮೇಲ್ತುದಿಯಲ್ಲಿ ಅನಿಲದ ಒತ್ತಡವು ಪಿಸ್ಟನ್ನಿಗೆ ಎದುರಾಗಿ ನಿಂತು ರಾಡಿನ ಮೇಲಣ ಎಳೆತವನ್ನು ತಗ್ಗಿಸುತ್ತದೆ. ಫೋರ್ ಸ್ಟ್ರೋಕಿನಲ್ಲಿ ಹೊಗೆ ಹೊರಹೋಗುವ ಸರದಿಯ ತುದಿಯಲ್ಲಿ ಅಂಥ ಆಸರೆಯಿಲ್ಲದ ಕಾರಣ ಎಳೆತವೆಲ್ಲವೂ ರಾಡು ಮತ್ತು ಕ್ರ್ಯಾಂಕ್ ಪಿನ್ನುಗಳ ಪಾಲಾಗುತ್ತದೆ. ಈ ಸಣ್ಣ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಪಿನ್ನನ್ನು ಒತ್ತಿ ಕೂಡಿಸಿರುವುದರಿಂದ, ಅತಿವೇಗದ ಕಂಪನದಲ್ಲಿ ಅದು ಕೂದಲೆಳೆಯಷ್ಟು ತಿರುಚಿಕೊಂಡರೂ ಕ್ರ್ಯಾಂಕು ನೇರ ತಪ್ಪುತ್ತದೆ, ಬೇರಿಂಗು ಕೂಗತೊಡಗುತ್ತದೆ.

ಆದರೆ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಮೊದಲು ಸೋಲುವುದು ಬಹುತೇಕ ವಾಲ್ವುಗಳ ವ್ಯವಸ್ಥೆ. ಕ್ಯಾಮು ಇಳಿಮುಖವಾದಾಗ ವಾಲ್ವನ್ನು ಅದರ ಬೆನ್ನುಹತ್ತಿ ಮುಚ್ಚಿಸಬೇಕಾದುದು ಸ್ಪ್ರಿಂಗಿನ ಕರ್ತವ್ಯ. ವೇಗವು ಸ್ಪ್ರಿಂಗಿನ ಬಲವನ್ನು ಮೀರಿದೊಡನೆ ವಾಲ್ವು ಕ್ಯಾಮಿನ ಸಂಪರ್ಕ ತಪ್ಪಿ ತೇಲುತ್ತದೆ, ಸೀಟಿನ ಮೇಲೆ ಬಿದ್ದು ಪುಟಿಯುತ್ತದೆ, ದುರ್ದೈವವಿದ್ದರೆ ಮೇಲೇರುತ್ತಿರುವ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಗಡುಸಾದ ಸ್ಪ್ರಿಂಗು ಹಾಕಿದರಾಯಿತೆಂಬುದು ಗ್ಯಾರೇಜುಗಳ ಸುಲಭೋಪಾಯ. ಅದರಿಂದ ಕ್ಯಾಮೂ ರಾಕರೂ ಸವೆಯುವುದರಿಂದ, ವಾಲ್ವು ಮತ್ತು ರಿಟೇನರುಗಳ ತೂಕವನ್ನು ಇಳಿಸಿ, ಅನಂತರ ಅಗತ್ಯವಿದ್ದಷ್ಟೇ ಗಡಸುತನವನ್ನು ಕೂಡಿಸುವುದು ಮೇಲು. ಸ್ಪ್ರಿಂಗಿನ ಸುರುಳಿಗಳು ಪೂರ್ಣ ಲಿಫ್ಟಿನಲ್ಲಿ ಒಂದನ್ನೊಂದು ಒತ್ತಿ ಬಿಗಿಯಬಾರದೆಂಬುದನ್ನೂ ಪರೀಕ್ಷಿಸತಕ್ಕದ್ದು.

ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ತೆರವುಂಟೆಂಬುದನ್ನು ಊಹೆಗೆ ಬಿಡಲಾಗದು. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳಾಡುವ ಮೆತ್ತನೆಯ ಅಂಟುಮಣ್ಣನ್ನು ತಟ್ಟಿ, ಮೇಲೊಂದು ಹನಿ ಎಣ್ಣೆ ಸವರಿ, ಹೆಡ್ಡನ್ನು ಗ್ಯಾಸ್ಕೆಟ್ಟಿನೊಡನೆ ಬಿಗಿದು, ಟೈಮಿಂಗ್ ಚೈನನ್ನು ಕೂಡಿಸಿ, ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಅಡ್ಡಿ ತೋರಿದರೆ ಬಲಪ್ರಯೋಗ ಕೂಡದು. ಹೆಡ್ಡನ್ನು ಮತ್ತೆ ಬಿಚ್ಚಿ, ವಾಲ್ವುಗಳ ಅಚ್ಚು ಮೂಡಿದ ಮಣ್ಣನ್ನು ಬ್ಲೇಡಿನಿಂದ ಸೀಳಿ, ಅತ್ಯಂತ ತೆಳುವಾದೆಡೆಯ ದಪ್ಪವನ್ನು ವರ್ನಿಯರಿನಿಂದ ಅಳೆದರೆ, ಇನ್‌ಲೆಟ್ ಕಡೆ ಒಂದೂವರೆ ಮಿ.ಮೀ., ಎಕ್ಸಾಸ್ಟ್ ಕಡೆ 2 ಮಿ.ಮೀ. ಆದರೂ ಉಳಿದಿರಬೇಕೆಂಬುದು ಈ ಕಸುಬಿನ ರೂಢಿ. ಎಕ್ಸಾಸ್ಟ್ ವಾಲ್ವಿಗೆ ಹೆಚ್ಚು ತೆರವು ಬೇಕಾದುದು ಏಕೆಂದರೆ, ಅದು ಮುಚ್ಚುತ್ತಿರುವಾಗಲೇ ಪಿಸ್ಟನ್ನು ಕೆಳಗಿನಿಂದ ಅದನ್ನು ಅಟ್ಟಿಸಿಕೊಂಡು ಬರುತ್ತಿರುತ್ತದೆ. ಅಲ್ಲದೆ ಕಾಯ್ದ ವಾಲ್ವು ಉದ್ದವೂ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಕ್ಯಾಮು, ಪೋರ್ಟು, ಕಾರ್ಬುರೇಟರು ಹಳೆಯವೇ ಆಗಿದ್ದರೆ ಪ್ರಯೋಜನ ಅತ್ಯಲ್ಪ: 8000 ದಾಟಿದ ಮೇಲೆ ಎಂಜಿನ್ನಿಗೆ ಉಸಿರು ಸಾಲದೆ ಶಕ್ತಿಯು ಕುಸಿಯುತ್ತದೆ, ಸದ್ದು ಮಾತ್ರ ಏರುತ್ತದೆ. ಉಸಿರಿಗಾಗಿ ಏರ್ ಫಿಲ್ಟರನ್ನೇ ಕಿತ್ತೆಸೆಯುವ ಚಪಲವಂತೂ, ಎರೆಮಣ್ಣಿನ ಹೊಲದ ಹಾದಿಯೂ ಜೇವರ್ಗಿ ಕಡೆಯ ಕಲ್ಲುಗಣಿಗಳ ಪುಡಿಯೂ ಇರುವ ಈ ಪ್ರಾಂತದಲ್ಲಿ ಆತ್ಮಘಾತುಕವೇ ಸರಿ. ಒಳಹೊಕ್ಕ ಧೂಳು ಎಣ್ಣೆಯೊಡನೆ ಬೆರೆತು ಬೋರನ್ನೂ ರಿಂಗುಗಳನ್ನೂ ಉಜ್ಜಿ ತಿನ್ನುತ್ತದೆ. ವೈಶಾಖದಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಗಾಳಿಯಿಂದಷ್ಟೇ ತಣಿಯುವ ಹೆಡ್ಡು ಮೊದಲೇ ಬಸವಳಿದಿರುವಾಗ, ಜೆಟ್ಟನ್ನು ಹಿಗ್ಗಿಸದೆ ಪೆಟ್ರೋಲು ಕಡಿಮೆಯಾದ ಮಿಶ್ರಣದಲ್ಲಿ ಎಂಜಿನ್ನನ್ನು ರೇಸು ಮಾಡಿದರೆ ನಾಕಿಂಗ್ ಆರಂಭವಾಗಿ ಪಿಸ್ಟನ್ನು ಸೀಜಾಗುವುದಕ್ಕೆ ಹೆಚ್ಚು ದೂರ ಹೋಗಬೇಕಾಗಿಲ್ಲ.

ಮಿತಿಯನ್ನು ನಿಶ್ಚಯಿಸುವ ಮುನ್ನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರು ಬೇಕು. ಸ್ಪ್ಲೆಂಡರಿನ ಫಲಕದಲ್ಲಿ ಅದಿಲ್ಲ. ವಾಲ್ವು ತೇಲತೊಡಗುವ ಸಂಖ್ಯೆಯನ್ನು ಲೆಕ್ಕದಿಂದಲೂ ಪರೀಕ್ಷೆಯಿಂದಲೂ ತಿಳಿದುಕೊಂಡು, ಅದಕ್ಕಿಂತ ಐನೂರು ಸುತ್ತು ಕೆಳಗೆ ಮಿತಿಯನ್ನಿರಿಸಿ, ಒಮ್ಮೆಗೆ ಮುನ್ನೂರಕ್ಕಿಂತ ಹೆಚ್ಚು ಏರಿಸದೆ, ಪ್ರತಿ ಏರಿಕೆಯ ಅನಂತರ ವಾಲ್ವಿನ ಸೆಟ್ಟಿಂಗನ್ನೂ ಎಣ್ಣೆಯಲ್ಲಿನ ಲೋಹದ ಚೂರುಗಳನ್ನೂ ನೋಡತಕ್ಕದ್ದು. 2019ರ ತಿದ್ದುಪಡಿಯ ತರುವಾಯ ಮೋಟಾರು ವಾಹನ ಕಾಯಿದೆಯು ಅನುಮತಿಯಿಲ್ಲದ ಮಾರ್ಪಾಟೊಂದಕ್ಕೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಇಲ್ಲವೆ ಎರಡನ್ನೂ ವಿಧಿಸಬಹುದಾದುದರಿಂದ, ಈ ಪ್ರಯೋಗಗಳಿಗೆ ಸ್ಥಾನವಿರುವುದು ಮುಚ್ಚಿದ ಸ್ಪರ್ಧಾಂಗಣದಲ್ಲಿ ಮಾತ್ರ. ಅಲ್ಲಿಯೂ ಸವಾರನು ನೆನಪಿಡಬೇಕಾದ ಸಂಗತಿಯೊಂದುಂಟು: ಸಿ.ಡಿ.ಐ. ಪೆಟ್ಟಿಗೆಯ ಮಿತಿಕಾರಕವು ಕಡಿದುಹಾಕುವುದು ಕಿಡಿಯನ್ನಷ್ಟೇ, ಪೂರ್ಣ ವೇಗದಲ್ಲಿ ನಾಲ್ಕನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸಿ ಕ್ಲಚ್ಚು ಬಿಟ್ಟರೆ ಎಂಜಿನ್ನನ್ನು ತಿರುಗಿಸುವುದು ಹಿಂದಿನ ಚಕ್ರವಾದುದರಿಂದ, ಆಗ ಯಾವ ವಿದ್ಯುತ್ ಪೆಟ್ಟಿಗೆಯೂ ವಾಲ್ವುಗಳನ್ನು ಉಳಿಸಲಾರದು.