ಕೀಟ ಕೊಲ್ಲುವ ದುಂಡುಹುಳುಗಳ ಜೀವರಾಸಾಯನಿಕ ಭಿನ್ನತೆ: ಶ್ರೀಕಾರ್ಯಂನ ಒಂದು ಶೋಧದ ಹಿನ್ನೆಲೆಯಲ್ಲಿ

ಕೀಟ ಕೊಲ್ಲುವ ದುಂಡುಹುಳುಗಳನ್ನು ಅವುಗಳ ಒಡನಾಡಿ ಬ್ಯಾಕ್ಟೀರಿಯಾದೊಂದಿಗೆ ಜೋಡಿ ಮಾಡಿ ಹೇಳುವುದು ರೂಢಿ: ಸ್ಟೈನರ್ನೀಮಾಕ್ಕೆ ಕ್ಸೆನೋರಾಬ್ಡಸ್, ಹೆಟೆರೋರಾಬ್ಡೈಟಿಸ್‌ಗೆ ಫೋಟೋರಾಬ್ಡಸ್. ಸತ್ತ ಕೀಟದ ಬಣ್ಣದಲ್ಲೇ ಈ ಭೇದ ಕಾಣುತ್ತದೆ. ಮೊದಲ ಜೋಡಿ ಕೊಂದ ಕೀಟ ಕಂದುಹಳದಿ. ಎರಡನೆಯದು ಕೊಂದದ್ದು ಆಂಥ್ರಾಕ್ವಿನೋನ್ ವರ್ಣಕದಿಂದ ಇಟ್ಟಿಗೆಗೆಂಪಾಗಿ, ಕತ್ತಲಲ್ಲಿ ಮಂದವಾಗಿ ಬೆಳಗುತ್ತದೆ.

ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಕೆಲಸ ಈ ಚೌಕಟ್ಟಿಗೆ ಸೇರುವುದಿಲ್ಲ. ಅಲ್ಲಿ ಸಿ. ಮೋಹನದಾಸ್ ಮತ್ತು ಸಂಗಡಿಗರು ಅಭ್ಯಸಿಸಿದ್ದು ರಾಬ್ಡೈಟಿಡ್ ಗುಂಪಿನ ದುಂಡುಹುಳು, ಅದರೊಡನಿದ್ದ ಬ್ಯಾಸಿಲಸ್. ಆ ಬ್ಯಾಕ್ಟೀರಿಯಾದಿಂದ ಸ್ಟಿಲ್ಬೀನ್‌ಗಳನ್ನು ಬೇರ್ಪಡಿಸಿದ ವರದಿ 2012ರಲ್ಲಿ ಪ್ರಕಟವಾಯಿತು. ನನ್ನ ದೃಷ್ಟಿಯಲ್ಲಿ ಇದು ಈ ಕ್ಷೇತ್ರದ ಅತ್ಯಂತ ಮಹತ್ವದ ಭಾರತೀಯ ಫಲಿತಾಂಶಗಳಲ್ಲೊಂದು. ಸ್ಟಿಲ್ಬೀನ್ ಎಂದರೆ ದ್ರಾಕ್ಷಿಯಂಥ ಸಸ್ಯಗಳ ಸ್ವತ್ತು. ಸಸ್ಯಲೋಕದ ಹೊರಗೆ ಅದನ್ನು ತಯಾರಿಸುವುದಕ್ಕೆ ಹೆಸರಾದದ್ದು ಫೋಟೋರಾಬ್ಡಸ್. ಅದರ ಐಸೊಪ್ರೊಪೈಲ್ ಸ್ಟಿಲ್ಬೀನ್ ಕೀಟದ ರಕ್ಷಣಾ ಕಿಣ್ವವಾದ ಫೀನಾಲ್ ಆಕ್ಸಿಡೇಸನ್ನು ತಡೆಯುತ್ತದೆ, ಹೆಣದೊಳಗೆ ಪರಕೀಯ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ, ದುಂಡುಹುಳುವಿನ ಬೆಳವಣಿಗೆಗೂ ನೆರವಾಗುತ್ತದೆ. (ಇದೇ ಅಣು ಟ್ಯಾಪಿನಾರಾಫ್ ಎಂಬ ಹೆಸರಿನಲ್ಲಿ 2022ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಮುಲಾಮಾಗಿ ಮಂಜೂರಾಯಿತು.) ಸಂಬಂಧವೇ ಇಲ್ಲದ ಬ್ಯಾಸಿಲಸ್‌ನಲ್ಲೂ ಸ್ಟಿಲ್ಬೀನ್ ದೊರೆತ ಮೇಲೆ, ಕೊಲ್ಲುವ ರಸಾಯನವನ್ನು ದುಂಡುಹುಳುವಿನ ಕುಲಲಕ್ಷಣವೆಂದು ಬರೆಯುವುದು ಸರಿಯಲ್ಲ. ಅದನ್ನು ಒಡನಾಡಿಯ ತಳಿಯ ಲೆಕ್ಕಕ್ಕೆ ಬರೆಯಬೇಕು.

ದುಂಡುಹುಳುವಿನದೇ ಆದ ಭಿನ್ನತೆ ಕೊಬ್ಬಿನಲ್ಲಿದೆ. ಸೋಂಕು ಹರಡುವ ಮೂರನೇ ಹಂತದ ಮರಿ ಏನನ್ನೂ ತಿನ್ನುವುದಿಲ್ಲ; ಕೀಟ ಸಿಗುವವರೆಗೆ ಮುಖ್ಯವಾಗಿ ಟ್ರೈಗ್ಲಿಸರೈಡನ್ನು, ಜೊತೆಗೆ ಗ್ಲೈಕೋಜನ್ನನ್ನು ಕರಗಿಸಿ ಬದುಕುತ್ತದೆ. ತೇವ ಆರಿದಾಗ ಕಾಯುವುದು ಟ್ರೆಹಲೋಸ್ ಸಕ್ಕರೆ. ಅಲೆದಾಡಿ ಬೇಟೆಯಾಡುವ ಪ್ರಭೇದಗಳ ದಾಸ್ತಾನು ಬೇಗ ಮುಗಿಯುತ್ತದೆ. ಸ್ಟೈನರ್ನೀಮಾ ಕಾರ್ಪೋಕ್ಯಾಪ್ಸೆಯಂತೆ ಹೊಂಚುಹಾಕಿ ಕೂರುವವು ಮಿತವ್ಯಯಿಗಳು.

ಕೊಬ್ಬಿನ ಸ್ವರೂಪವೂ ಸ್ಥಿರವಲ್ಲ. ತಂಪಿನಲ್ಲಿ ಬೆಳೆದ ದುಂಡುಹುಳುಗಳಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳ ಪಾಲು ಏರುತ್ತದೆ. ಹೀಗಾಗಿ ಶೀತ ದೇಶಗಳ ತಳಿಗಳ ಅಂಕಿಅಂಶವನ್ನು ಕೊಚ್ಚಿಯಿಂದ ತಿರುವನಂತಪುರದವರೆಗಿನ ಬೆಚ್ಚನೆಯ ಕರಾವಳಿಯ ಹುಳುಗಳ ಪಕ್ಕ ಇಟ್ಟು ಪ್ರಭೇದಭೇದ ಎನ್ನುವುದು ದುಡುಕು. ಸಾಕಿದ ಉಷ್ಣತೆ, ಮರಿಯ ವಯಸ್ಸು, ಆಶ್ರಯ ಕೊಟ್ಟ ಕೀಟ ಒಂದೇ ಆಗಿರದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಕೊಯಮತ್ತೂರಿನ ಮಾದರಿಯಿಂದ 1992ರಲ್ಲಿ ಹೆಸರು ಪಡೆದ ಹೆಟೆರೋರಾಬ್ಡೈಟಿಸ್ ಇಂಡಿಕಾ ನಮ್ಮ ಸೆಕೆಗೆ ಹೊಂದಿಕೊಂಡ ಪ್ರಭೇದ. ಕರಾವಳಿಯ ಹೋಲಿಕೆಗಳಿಗೆ ಅದೇ ಅಳತೆಗೋಲಾಗಲಿ.

ಈ ಭೇದಗಳಿಗೆ ತೋಟದಲ್ಲೂ ಬೆಲೆಯಿದೆ. ಅಡಿಕೆ ತೋಟದ ಬೇರುಹುಳುವಿಗೆ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಸೂಚಿಸಿರುವುದು ಕಾರ್ಪೋಕ್ಯಾಪ್ಸೆಯನ್ನೇ: ಹೆಕ್ಟೇರಿಗೆ 150 ಕೋಟಿ ಮರಿಗಳು, ನೀರಿನಲ್ಲಿ ಕದಡಿ 5ರಿಂದ 10 ಸೆಂ.ಮೀ. ಆಳಕ್ಕೆ. ಹೊಂಚುಹಾಕುವ ಪ್ರಭೇದ ತಾನಾಗಿ ಆಳಕ್ಕಿಳಿದು ಹುಡುಕುವುದು ಕಡಿಮೆ. ಆದ್ದರಿಂದ ಆಳದ ಈ ಸೂಚನೆಯನ್ನು ಬೆಳೆಗಾರ ಬಿಡಬಾರದು. ಕೀಟ ಸಿಗುವವರೆಗೆ ಮರಿ ಬದುಕುವುದು ದಾಸ್ತಾನಿನ ಮೇಲೆಯೇ ಆದ್ದರಿಂದ, ಮರಿಗಳ ಸಂಖ್ಯೆಯ ಜೊತೆಗೆ ಅವುಗಳ ಕೊಬ್ಬನ್ನೂ ಪರೀಕ್ಷಿಸಬೇಕು. ಸೂಕ್ಷ್ಮದರ್ಶಕದಡಿ ಹೊಸ ಮರಿಯ ಮೈ ಕೊಬ್ಬಿನ ಹನಿಗಳಿಂದ ಗಾಢವಾಗಿ ಕಾಣುತ್ತದೆ, ದಾಸ್ತಾನು ತೀರಿದ್ದು ಪಾರದರ್ಶಕ. ಪೊಟ್ಟಣ ತೋಟಕ್ಕೆ ಹೋಗುವ ಮುನ್ನ ಯಾವ ಪ್ರಯೋಗಾಲಯವಾದರೂ ನಿಮಿಷಗಳಲ್ಲಿ ಮಾಡಬಹುದಾದ ಪರೀಕ್ಷೆ ಇದು.